ಕೊಡಗಿನ ಮಳೆಗಾಲ, ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ನಡೆಸುವ ಸಮಗ್ರ ಮಾರ್ಗದರ್ಶಿ

ಪ್ರವಾಸಿಗರು ಕೊಡಗಿನ ಮಳೆಯನ್ನು ನೋಡುವುದು ಹೋಂಸ್ಟೇ ಜಗಲಿಯಲ್ಲಿ ಕೂತು, ಕೈಯಲ್ಲಿ ಕಾಫಿ ಹಿಡಿದು. ಮಕ್ಕಳಿರುವ ಮನೆಯವರು ನೋಡುವುದು ಒಣಗದ ಯೂನಿಫಾರ್ಮ್ ಹಿಡಿದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಟ್ಟು ಬಿಟ್ಟು ಹೊಡೆಯುತ್ತದೆ. ಜುಲೈ, ಆಗಸ್ಟ್‌ನಲ್ಲಂತೂ ಬಿಡುವುದೂ ಇಲ್ಲ. ಕರೆಂಟ್ ಯಾವಾಗ ಹೋಗುತ್ತದೋ, ಶಾಲೆಗೆ ಯಾವಾಗ ರಜೆ ಕೊಡುತ್ತಾರೋ ಗೊತ್ತಿರುವುದಿಲ್ಲ. ಮನೆಯೊಳಗೆ ಎಂಟು ವರ್ಷದವಳೊಬ್ಬಳು, ನಾಲ್ಕು ವರ್ಷದವಳೊಬ್ಬಳು. ಇದು ನಮ್ಮನೆ ಲೆಕ್ಕ. ನಿಮ್ಮಲ್ಲೂ ಹೆಚ್ಚುಕಮ್ಮಿ ಇದೇ ಇರಬಹುದು.

ಮಳೆಗಾಲದಲ್ಲಿ ಮಕ್ಕಳನ್ನು ಹೇಗೆ ಆಡಿಸುವುದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಮನೆ ಒಣಗಿರಬೇಕು. ಒದ್ದೆ ಕಾಲುಚೀಲ, ಕತ್ತಲೆ ಕೋಣೆ, ಹಸಿದ ಹೊಟ್ಟೆ: ಈ ಮೂರರಲ್ಲಿ ಒಂದೂ ಇಲ್ಲದೆ ಅಕ್ಕತಂಗಿಯರ ಜಗಳ ಹತ್ತಿಕೊಳ್ಳುವುದು ಕಡಿಮೆ. ಅದಕ್ಕೇ ಈ ಬರಹದಲ್ಲಿ ಆಟಕ್ಕಿಂತ ಹಗ್ಗ, ಸೌದೆ, ಟವೆಲ್‌ಗಳ ವಿಷಯವೇ ಜಾಸ್ತಿ.

ಹಂತ 1: ಮೇ ತಿಂಗಳಲ್ಲೇ ಮುಗಿಸಬೇಕಾದದ್ದು

ಮೊದಲು ಸೌದೆ. ಕಾಫಿ ಗಿಡದ ರೆಂಬೆ ಸವರಿದಾಗ ಸಿಕ್ಕ ಕಡ್ಡಿ, ಸಿಲ್ವರ್ ಓಕ್ ಕೊಂಬೆ, ತೆಂಗಿನ ಗರಿ ಎಲ್ಲ ಮಳೆ ಹಿಡಿಯುವ ಮುಂಚೆ ಕೊಟ್ಟಿಗೆಯೊಳಗೆ ಸೇರಬೇಕು. ನೆಲಕ್ಕೆ ತಾಗದ ಹಾಗೆ ಎರಡು ಅಡ್ಡ ಮರ ಇಟ್ಟು ಅದರ ಮೇಲೆ ಜೋಡಿಸಿ. ಸೋಲಾರ್ ಇದೆ ಅಂತ ಸುಮ್ಮನಿರಬೇಡಿ. ಜುಲೈನಲ್ಲಿ ಅದು ತಣ್ಣೀರು ಕೊಡುತ್ತದೆ. ಇಬ್ಬರು ಮಕ್ಕಳ ಸ್ನಾನಕ್ಕೆ ಬಚ್ಚಲೊಲೆಯೇ ಗತಿ. ಸೌದೆ ಒದ್ದೆಯಾದರೆ ಮನೆ ತುಂಬ ಹೊಗೆ, ಮಕ್ಕಳಿಗೆ ಕೆಮ್ಮು.

ಆಮೇಲೆ ರೈನ್‌ಕೋಟ್, ಕೊಡೆ, ಬೂಟು. ಶಾಲೆ ಶುರುವಾಗುವ ವಾರ ಹೋದರೆ ಅಂಗಡಿಯಲ್ಲಿ ನಿಮಗೆ ಬೇಕಾದ ಅಳತೆ ಖಾಲಿಯಾಗಿರುತ್ತದೆ. ಮೇ ಎರಡನೇ ವಾರದಲ್ಲೇ ಮಡಿಕೇರಿಯ ಶುಕ್ರವಾರದ ಸಂತೆಗೋ ಗೋಣಿಕೊಪ್ಪದ ಭಾನುವಾರದ ಸಂತೆಗೋ ಹೋದ ದಿನ ಈ ಕೆಲಸವನ್ನೂ ಮುಗಿಸಿ. ರೈನ್‌ಕೋಟ್ ಕೊಳ್ಳುವಾಗ ಶಾಲೆ ಬ್ಯಾಗ್ ಜೊತೆಗಿರಲಿ. ಮಗುವಿನ ಬೆನ್ನಿಗೆ ಬ್ಯಾಗ್ ಹಾಕಿ, ಅದರ ಮೇಲೆ ಕೋಟು ತೊಡಿಸಿ, ಗುಂಡಿ ಬೀಳುತ್ತದಾ ನೋಡಿ. ಬ್ಯಾಗ್ ಒಳಗೆ ಹಿಡಿಯದ ಕೋಟು ಮೈ ಕಾಯುತ್ತದೆ, ನೋಟ್‌ಬುಕ್ ಕಾಯುವುದಿಲ್ಲ. ಬಣ್ಣ ಗಾಢವಾಗಿರಲಿ, ಹಳದಿಯೋ ಕಿತ್ತಳೆಯೋ. ಮಂಜು ಮುಸುಕಿದ ರಸ್ತೆಯಲ್ಲಿ ಜೀಪಿನವರಿಗೆ ದೂರದಿಂದ ಕಾಣಬೇಕು.

ಅಕ್ಕನ ಹಳೇ ಕೋಟು ತಂಗಿಗೆ ಬರುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ತಪ್ಪಿಲ್ಲ. ಆದರೆ ಪ್ರತಿ ಸಲ ಎಲ್ಲವೂ ಹಳೆಯದೇ ಆದರೆ ಚಿಕ್ಕವಳು ಅದನ್ನು ಮರೆಯುವುದಿಲ್ಲ. ಕೋಟು ಹಳೆಯದಾದರೆ ಕೊಡೆಯಾದರೂ ಹೊಸದಿರಲಿ.

ಮೂರನೆಯದು ಯೂನಿಫಾರ್ಮ್. ಎರಡು ಜೊತೆ ಸಾಲುವುದಿಲ್ಲ, ಮೂರು ಬೇಕು. ಕಾಲುಚೀಲ ಆರು ಜೊತೆ. ಒಳ ಉಡುಪು ಎಷ್ಟಿದ್ದರೂ ಕಡಿಮೆಯೇ. ಶೂ ಒಂದೇ ಜೊತೆ ಇದ್ದು ಅದು ಒದ್ದೆಯಾದರೆ ಮರುದಿನಕ್ಕೆ ಒಣಗುವುದಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚಪ್ಪಲಿಗೆ ಅನುಮತಿ ಇದೆಯಾ ಅಂತ ಶಾಲೆಯಲ್ಲಿ ಮೊದಲೇ ಕೇಳಿ. ಎಷ್ಟೋ ಕಡೆ ಬಿಡುತ್ತಾರೆ.

ಹಂತ 2: ಮಳೆಯನ್ನು ಬಾಗಿಲಲ್ಲೇ ನಿಲ್ಲಿಸಿ

ಸಂಜೆ ಮಕ್ಕಳು ಬಂದಾಗ ಮೊದಲ ಹತ್ತು ನಿಮಿಷ ಹೇಗೆ ಹೋಗುತ್ತದೆ ಅನ್ನುವುದರ ಮೇಲೆ ಇಡೀ ಸಂಜೆ ನಿಂತಿದೆ. ಜಗಲಿಯಲ್ಲಿ ಒಂದು ಬೆಂಚು, ಅದರ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿ, ಗೋಡೆಗೆ ಮಕ್ಕಳ ಎತ್ತರಕ್ಕೆ ನಾಲ್ಕು ಮೊಳೆ. ಎರಡು ಮೊಳೆ ಅಕ್ಕನಿಗೆ, ಎರಡು ತಂಗಿಗೆ. ಕೊಡೆ ಒಂದಕ್ಕೆ, ಕೋಟು ಇನ್ನೊಂದಕ್ಕೆ. ದೊಡ್ಡವರ ಎತ್ತರಕ್ಕೆ ಮೊಳೆ ಹೊಡೆದರೆ ಆ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತದೆ.

ಕೂತು ಬೂಟು ಬಿಚ್ಚಬೇಕು. ಬಿಚ್ಚಿದ ತಕ್ಷಣ ಜಿಗಣೆ ನೋಡಬೇಕು: ಬೆರಳ ಸಂದಿ, ಹಿಮ್ಮಡಿ, ಮೊಣಕಾಲ ಹಿಂದೆ, ಕಾಲುಚೀಲದ ರಬ್ಬರ್ ಇರುವ ಜಾಗ. ನಮ್ಮನೆಯಲ್ಲಿ ಅಕ್ಕ ತಂಗಿಯ ಕಾಲು ನೋಡುತ್ತಾಳೆ, ತಂಗಿ ಅಕ್ಕನದ್ದು. ತನಗೆ ಕಚ್ಚಿದ್ದರೆ ಕಿರುಚುವ ಚಿಕ್ಕವಳು ಅಕ್ಕನ ಕಾಲಲ್ಲಿ ಹುಡುಕುವಾಗ ಪೊಲೀಸರಂತೆ ಗಂಭೀರವಾಗಿ ಬಗ್ಗಿ ನೋಡುತ್ತಾಳೆ. ಹೆದರಿಕೆ ಹೋಗಿದ್ದೇ ಹಾಗೆ.

ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಬೆರಳಿನ ಉಗುರನ್ನು ಚರ್ಮಕ್ಕೆ ಒತ್ತಿ, ಜಿಗಣೆಯ ಸಣ್ಣ ತುದಿಯ ಕೆಳಗೆ ಪಕ್ಕದಿಂದ ಸರಿಸಿ. ಅದೇ ಬಾಯಿ. ಅದು ಬಿಟ್ಟ ಮೇಲೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ. ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕುವುದು ನಮ್ಮ ಕಡೆ ರೂಢಿ. ಜಿಗಣೆ ಬೀಳುವುದೇನೋ ನಿಜ. ಆದರೆ ಹಾಗೆ ಬೀಳುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುವ ಸಾಧ್ಯತೆ ಇರುತ್ತದೆ, ಸುಣ್ಣ ಮಕ್ಕಳ ಚರ್ಮವನ್ನೂ ಸುಡುತ್ತದೆ. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ಗಾಯ ಸಣ್ಣದಾದರೂ ಸುಮಾರು ಹೊತ್ತು ಸೋರುತ್ತದೆ. ಸೋಪು ನೀರಲ್ಲಿ ತೊಳೆದು, ಹತ್ತಿ ಇಟ್ಟು ಒತ್ತಿ ಹಿಡಿದರೆ ನಿಲ್ಲುತ್ತದೆ. ತುರಿಸಲು ಬಿಡಬೇಡಿ, ಕೀವಾಗುವುದು ಅದರಿಂದಲೇ.

ಬೆಳಿಗ್ಗೆ ಹೊರಡುವಾಗ ಬೂಟನ್ನು ತಲೆಕೆಳಗೆ ಮಾಡಿ ಎರಡು ಸಲ ಕುಟ್ಟಿಯೇ ಹಾಕಬೇಕು. ಮಳೆಗೆ ಹಾವು, ಚೇಳು ಕೂಡ ಬೆಚ್ಚಗಿನ ಜಾಗ ಹುಡುಕುತ್ತವೆ. ಇದನ್ನು ನಾಲ್ಕು ವರ್ಷದವಳಿಗೂ ಕಲಿಸಬಹುದು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಮದ್ದಿನವರ ಹತ್ತಿರ ಓಡುವುದು ಯಾವುದೂ ಬೇಡ. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗಾಡದ ಹಾಗೆ ಹಿಡಿದು ಸೀದಾ ಆಸ್ಪತ್ರೆಗೆ.

ಹಂತ 3: ಬಟ್ಟೆ ಒಣಗಿಸುವುದು

ಇದು ಮಳೆಗಾಲದ ಮುಖ್ಯ ಕೆಲಸ. ಉಳಿದದ್ದೆಲ್ಲ ಇದರ ಹಿಂದೆ.

ಒಗೆಯುವುದನ್ನು ಕಡಿಮೆ ಮಾಡುವುದು ಮೊದಲ ಉಪಾಯ. ಶಾಲೆಯಿಂದ ಬಂದ ಯೂನಿಫಾರ್ಮ್‌ನಲ್ಲಿ ಕೆಸರಿಲ್ಲದಿದ್ದರೆ ಒಗೆಯಬೇಡಿ, ಹ್ಯಾಂಗರ್‌ಗೆ ಹಾಕಿ ಗಾಳಿಗೆ ಬಿಡಿ. ಕೆಸರು ಬಿದ್ದದ್ದು ಪಾವಡೆಯ ಅಂಚಿಗೆ ಮಾತ್ರ ಆದರೆ ಅಂಚನ್ನು ಮಾತ್ರ ತೊಳೆಯಿರಿ. ನಮ್ಮತ್ತೆ ಇದನ್ನು ನೋಡಿ ಮೊದಮೊದಲು ಮೂಗು ಮುರಿದಿದ್ದರು. ಈಗ ಅವರೇ ಹಾಗೆ ಮಾಡುತ್ತಾರೆ.

ಎರಡನೆಯದು, ಒಂದೇ ದಿನ ರಾಶಿ ಹಾಕಬಾರದು. ದಿನಾ ಸ್ವಲ್ಪ ಸ್ವಲ್ಪ. ಹತ್ತು ಬಟ್ಟೆ ದೂರ ದೂರ ಹಾಕಿದರೆ ಒಣಗುತ್ತವೆ. ಅದೇ ಹಗ್ಗಕ್ಕೆ ಮೂವತ್ತು ಹಾಕಿದರೆ ಮೂವತ್ತೂ ವಾಸನೆ ಬರುತ್ತವೆ. ವಾಷಿಂಗ್ ಮೆಷಿನ್ ಇದ್ದರೆ ಕೊನೆಯ ಸ್ಪಿನ್ ಎರಡು ಸಲ ಕೊಡಿ. ಮೆಷಿನ್ ಇಲ್ಲದಿದ್ದರೆ ಹಿಂಡಿದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತುವ ಹಾಗೆ ಸುತ್ತಿ, ಅದರ ಮೇಲೆ ಮಕ್ಕಳನ್ನು ಕೂರಿಸಿ. ನಾನು ತಮಾಷೆಗೆ ಹೇಳುತ್ತಿಲ್ಲ. ಇಬ್ಬರೂ ಕೂತು ಕುಣಿದರೆ ನೀರೆಲ್ಲ ಟವೆಲ್‌ಗೆ ಬರುತ್ತದೆ. ಅವರಿಗೆ ಅದೇ ಆಟ.

ಮೂರನೆಯದು ಜಾಗ. ಬಚ್ಚಲೊಲೆಯ ಪಕ್ಕದ ಗೋಡೆಯಿಂದ ಗೋಡೆಗೆ ಎರಡು ಹಗ್ಗ, ಒಲೆಯಿಂದ ಕನಿಷ್ಠ ಒಂದು ಆಳಿನಷ್ಟು ದೂರದಲ್ಲಿ. ಒಲೆಯ ನೇರ ಮೇಲೆ ಕಟ್ಟಬೇಡಿ. ಒಂದು ಕಿಡಿ ಬಿದ್ದರೆ ನೈಲಾನ್ ಬಟ್ಟೆ ಕರಗಿ ತೂತಾಗುತ್ತದೆ, ಮಸಿಯೂ ಬೀಳುತ್ತದೆ. ದಪ್ಪ ಬಟ್ಟೆ ಒಲೆಯ ಕಡೆಗೆ, ತೆಳುವಾದದ್ದು ಕಿಟಕಿಯ ಕಡೆಗೆ. ಕಿಟಕಿಯನ್ನು ಬೆರಳಗಲ ತೆರೆದಿಡಿ. ಹೊರಗೆ ಮಳೆ ಬರುತ್ತಿರುವಾಗ ಕಿಟಕಿ ಯಾಕೆ ಅಂತ ಅನ್ನಿಸುತ್ತದೆ, ಅಲ್ವಾ? ಬಟ್ಟೆಯಿಂದ ಹೋದ ನೀರು ಹಬೆಯಾಗಿ ಕೋಣೆಯಲ್ಲೇ ನಿಂತರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಬೆ ಹೊರಗೆ ಹೋಗಲು ದಾರಿ ಬೇಕು. ಕರೆಂಟ್ ಇದ್ದಾಗ ಫ್ಯಾನ್ ಹಾಕಿ. ಬಿಸಿಗಿಂತ ಗಾಳಿಯೇ ಬೇಗ ಒಣಗಿಸುತ್ತದೆ.

ಕೊನೆಗೆ ಇಸ್ತ್ರಿ. ಮುಕ್ಕಾಲು ಒಣಗಿದ ಯೂನಿಫಾರ್ಮ್‌ಗೆ ರಾತ್ರಿಯೇ ಇಸ್ತ್ರಿ ಹಾಕಿ ಇಟ್ಟುಬಿಡಿ. ಬೆಳಿಗ್ಗೆ ಹಾಕೋಣ ಅಂದುಕೊಂಡ ದಿನವೇ ಕರೆಂಟ್ ಇರುವುದಿಲ್ಲ.

ಶೂಗೆ ಹಳೇ ಪೇಪರ್. ಉಂಡೆ ಮಾಡಿ ಒಳಗೆ ತುರುಕಿ, ರಾತ್ರಿ ಮಲಗುವ ಮುಂಚೆ ಒಂದು ಸಲ ಬದಲಾಯಿಸಿ. ಪೇಪರ್ ನೀರು ಹೀರಿಕೊಳ್ಳುತ್ತದೆ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಡಿ ಕಳಚುತ್ತದೆ.

ಇಲ್ಲಿ ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಬಟ್ಟೆ ಒಣಗಲಿ, ಮಕ್ಕಳಿಗೆ ಬೆಚ್ಚಗಿರಲಿ ಅಂತ ಮಲಗುವ ಕೋಣೆಗೆ ತಂದು ಬಾಗಿಲು ಹಾಕಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ. ಚಳಿಗೆ ಕಂಬಳಿ ಹೊದಿಸಿ, ಬಿಸಿನೀರ ಚೀಲ ಕೊಡಿ. ಕೆಂಡ ಮಾತ್ರ ಹೊರಗೇ ಇರಲಿ.

ಹಂತ 4: ಎರಡು ತಲೆ, ನಾಲ್ಕು ಜಡೆ

ಮಳೆಗಾಲದಲ್ಲಿ ತಲೆಗೆ ನೀರು ಹಾಕುವುದು ವಾರಕ್ಕೆ ಒಂದೇ ಸಲ, ಭಾನುವಾರ, ಅದೂ ಬೆಳಿಗ್ಗೆ ಹತ್ತು ಗಂಟೆಯೊಳಗೆ. ಮಧ್ಯಾಹ್ನ ದಾಟಿದರೆ ಉದ್ದ ಕೂದಲು ರಾತ್ರಿಗೂ ಒಣಗುವುದಿಲ್ಲ. ಒಟ್ಟಿಗೆ ಇಬ್ಬರಿಗೂ ಹಾಕಬೇಡಿ. ಮೊದಲು ದೊಡ್ಡವಳು, ಅವಳ ಕೂದಲು ಉದ್ದ. ಅವಳು ಒಲೆ ಮುಂದೆ ಬೆನ್ನು ತಿರುಗಿಸಿ ಕೂತು ಒಣಗಿಸಿಕೊಳ್ಳುವಾಗ ಚಿಕ್ಕವಳ ಸ್ನಾನ. ಹತ್ತಿಯ ಹಳೇ ಪಂಚೆ ಟವೆಲ್‌ಗಿಂತ ಚೆನ್ನಾಗಿ ನೀರು ಹೀರುತ್ತದೆ. ಉಜ್ಜಬೇಡಿ, ಹಿಡಿ ಹಿಡಿಯಾಗಿ ಒತ್ತಿ.

ಹೇನಿನ ಕಾಲವೂ ಇದೇ. ರಜೆ ಮುಗಿದು ಮಕ್ಕಳು ಒಂದೇ ಬೆಂಚಿನಲ್ಲಿ ತಲೆಗೆ ತಲೆ ತಾಗಿಸಿ ಕೂರುತ್ತಾರೆ. ಹೇನು ಹಾರುವುದಿಲ್ಲ, ಕೂದಲಿಂದ ಕೂದಲಿಗೆ ಹರಿದು ಬರುತ್ತದೆ. ಕೊಳಕಿಗೂ ಅದಕ್ಕೂ ಸಂಬಂಧ ಇಲ್ಲ, ಆದ್ದರಿಂದ ಯಾರ ಮನೆಯ ಮಗುವನ್ನೂ ದೂರಬೇಡಿ. ಎಣ್ಣೆ ಹಚ್ಚಿದ ಕೂದಲನ್ನು ನಾಲ್ಕು ಭಾಗ ಮಾಡಿ, ಬುಡದಿಂದ ತುದಿಯವರೆಗೆ ಹೇನಿನ ಬಾಚಣಿಗೆ ಎಳೆಯಿರಿ. ಬಾಚಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಮೊಟ್ಟೆ ಒಡೆದು ಮರಿ ಬರಲು ಒಂದು ವಾರದಿಂದ ಹತ್ತು ದಿನ ಬೇಕು. ಅದಕ್ಕೆ ಒಂದು ಸಲ ಬಾಚಿ ಬಿಟ್ಟರೆ ಆಗಲಿಲ್ಲ, ಮೂರು ದಿನಕ್ಕೊಮ್ಮೆ ಎರಡು ವಾರ ಬಾಚಬೇಕು. ಒಬ್ಬಳಿಗೆ ಸಿಕ್ಕರೆ ಇಬ್ಬರಿಗೂ ಬಾಚಿ. ನಿಮ್ಮ ತಲೆಯನ್ನೂ ಯಾರಿಗಾದರೂ ತೋರಿಸಿ.

ಹಂತ 5: ಮಳೆ ರಜೆಯ ದಿನ

ಜಿಲ್ಲಾಧಿಕಾರಿ ರಜೆ ಘೋಷಣೆ ಮಾಡಿದ ಸುದ್ದಿ ಹಿಂದಿನ ರಾತ್ರಿ ಬರಬಹುದು, ಬೆಳಿಗ್ಗೆ ತಿಂಡಿ ಡಬ್ಬಿ ಕಟ್ಟಿದ ಮೇಲೂ ಬರಬಹುದು. ವಾಟ್ಸಾಪ್‌ನಲ್ಲಿ ಬಂದ ಆದೇಶದ ಫೋಟೋದಲ್ಲಿ ತಾರೀಕು ನೋಡಿ. ಹಳೇ ವರ್ಷದ ಆದೇಶ ಪ್ರತಿ ಜುಲೈನಲ್ಲೂ ಸುತ್ತುತ್ತದೆ. ರಜೆ ಇಡೀ ಜಿಲ್ಲೆಗಾ, ನಿಮ್ಮ ತಾಲೂಕಿಗಾ, ಅಂಗನವಾಡಿಗೂ ಇದೆಯಾ ಅಂತ ಓದಿ. ಅಕ್ಕನಿಗೆ ರಜೆ ಇದ್ದು ತಂಗಿಗೆ ಇಲ್ಲ ಅಂದರೆ ಮನೆಯಲ್ಲಿ ಮಹಾಯುದ್ಧ.

ರಜೆ ಅಂದ ಕೂಡಲೇ ಟಿವಿ ಹಾಕಬೇಡಿ. ಟಿವಿ ಕೆಟ್ಟದ್ದು ಅಂತಲ್ಲ. ಬೆಳಿಗ್ಗೆಯೇ ಖರ್ಚು ಮಾಡಿದರೆ ಮಧ್ಯಾಹ್ನ ನಾಲ್ಕು ಗಂಟೆಗೆ, ನಿಮಗೆ ನಿಜವಾಗಿ ಬೇಕಾದಾಗ, ಅದು ಕೆಲಸ ಮಾಡುವುದಿಲ್ಲ. ಅಷ್ಟರಲ್ಲಿ ಕರೆಂಟೂ ಹೋಗಿರುತ್ತದೆ.

ಬೆಳಗಿನ ಮೊದಲ ಕೆಲಸ ಮಳೆ ಅಳೆಯುವುದು. ಕೊಡಗಿನಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟು ಅಂದರೆ ಒಂದು ಇಂಚು. ಕಾಫಿ ಬೆಳೆಗಾರರು ದಿನಾ ಬೆಳಿಗ್ಗೆ ಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ, ಫೋನ್ ಮಾಡಿ “ನಿಮ್ಮಲ್ಲಿ ಎಷ್ಟು ಬಿತ್ತು?” ಅಂತ ಕೇಳುತ್ತಾರೆ. ಮಕ್ಕಳಿಗೆ ಮಾಪಕ ಕೊಳ್ಳಬೇಕಿಲ್ಲ. ಬಾಯಿಯೂ ತಳವೂ ಒಂದೇ ಅಗಲ ಇರುವ, ನೇರ ಗೋಡೆಯ ಡಬ್ಬಿ ಸಾಕು. ಮರ, ಮಾಡು ಅಡ್ಡ ಬರದ ಬಯಲಲ್ಲಿ, ಬೀಳದ ಹಾಗೆ ಎರಡು ಕಲ್ಲಿನ ನಡುವೆ ಇಡಿ. ಮರುದಿನ ಅದೇ ಹೊತ್ತಿಗೆ ಒಳಗಿನ ನೀರಿಗೆ ಸ್ಕೇಲ್ ಇಳಿಸಿ. ಸ್ಕೇಲಿನ ಸೊನ್ನೆ ತುದಿಯಿಂದಲೇ ಶುರುವಾಗುತ್ತದಾ ನೋಡಿಕೊಳ್ಳಿ. ನೀರಿನ ಎತ್ತರವೇ ಮಳೆಯ ಅಳತೆ. ಎರಡೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚುಕಮ್ಮಿ ಒಂದು ಇಂಚು. ದೊಡ್ಡವಳು ಬರೆಯುತ್ತಾಳೆ, ಚಿಕ್ಕವಳು ಡಬ್ಬಿ ಖಾಲಿ ಮಾಡುತ್ತಾಳೆ. ಅಜ್ಜನಿಗೆ ಫೋನ್ ಮಾಡಿ ಹೇಳುವ ಸರದಿ ದಿನಕ್ಕೊಬ್ಬಳದ್ದು. ಶಾಲೆಯಲ್ಲಿ ದಶಮಾಂಶ ಬರುವ ಹೊತ್ತಿಗೆ ದೊಡ್ಡವಳಿಗೆ 2.40 ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಮನೆಗೆಲಸ. ನಿಜವಾದ ಕೆಲಸ ಕೊಡಿ, ಸುಮ್ನೆ ಕೈಗೆ ಏನೋ ಕೊಟ್ಟು ಕೂರಿಸಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ಹಲಸಿನ ಬೀಜದ ಹೊರಸಿಪ್ಪೆ ಸುಲಿಯುವುದು ನಾಲ್ಕು ವರ್ಷದವಳಿಗೆ ಹೇಳಿ ಮಾಡಿಸಿದ ಕೆಲಸ. ಬೀಜ ಒಣಗಿರಬೇಕು, ನೀವು ತುದಿಯನ್ನು ಒಂದು ಸಲ ಜಜ್ಜಿ ಕೊಟ್ಟರೆ ಸಾಕು. ಕಾಲುಚೀಲದ ಜೋಡಿ ಹುಡುಕುವುದು ಇನ್ನೊಂದು. ಎಂಟು ವರ್ಷದವಳು ಅಕ್ಕಿ ಆರಿಸಬಹುದು, ಬೆಳ್ಳುಳ್ಳಿ ಬಿಡಿಸಬಹುದು, ಇಸ್ತ್ರಿ ಮಾಡಿದ್ದನ್ನು ಮಡಚಿಡಬಹುದು. ಹೆಣ್ಣುಮಕ್ಕಳು ಅಂತ ಇದನ್ನು ಹೇಳುತ್ತಿಲ್ಲ. ಗಂಡುಮಗ ಇದ್ದಿದ್ದರೂ ಬೆಳ್ಳುಳ್ಳಿ ಬಿಡಿಸುತ್ತಿದ್ದ. “ಇಬ್ಬರೂ ಹೆಣ್ಣೇನಾ?” ಅಂತ ಮದುವೆಮನೆಯಲ್ಲಿ ಮುಖ ಸಣ್ಣ ಮಾಡಿ ಕೇಳುವವರಿಗೆ ನಾನು ಕೊಡುವ ಉತ್ತರ “ಹೌದು, ಇಬ್ಬರೂ”. ಅಷ್ಟೇ. ಮಕ್ಕಳು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ ಅನ್ನುವುದನ್ನು ಮರೆಯಬೇಡಿ.

ಹನ್ನೊಂದು ಗಂಟೆಗೆ ಹೊರಗೆ ಬಿಡಿ. ಹೌದು, ಮಳೆಯಲ್ಲೇ. ನೆಗಡಿ ಬರುವುದು ವೈರಸ್ಸಿನಿಂದ, ಮಳೆಯಿಂದಲ್ಲ. ದಿನಪೂರ್ತಿ ಬಾಗಿಲು ಹಾಕಿಕೊಂಡು ಒಬ್ಬರ ಮುಖಕ್ಕೆ ಇನ್ನೊಬ್ಬರು ಕೆಮ್ಮುತ್ತಾ ಕೂತರೆ ಜಾಸ್ತಿ ಬರುತ್ತದೆ. ಕೋಟು, ಬೂಟು ಹಾಕಿಸಿ ಅಂಗಳದಲ್ಲಿ ಅರ್ಧ ಗಂಟೆ. ಕೆಸರು ಕಟ್ಟೆ ಕಟ್ಟಲಿ, ಕಾಗದದ ದೋಣಿ ಬಿಡಲಿ. ಗಡಿ ಮಾತ್ರ ಸ್ಪಷ್ಟವಾಗಿ ಹೇಳಿ: ತೋಡಿನ (ಸಣ್ಣ ಹಳ್ಳದ) ಹತ್ತಿರ ಇಲ್ಲ, ಕೆರೆ ಏರಿ ಇಲ್ಲ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗೆ ಇಲ್ಲ, ಗಾಳಿ ಇದ್ದರೆ ಸಿಲ್ವರ್ ಓಕ್ ಕೆಳಗೂ ಇಲ್ಲ. ಗುಡುಗು ಕೇಳಿಸಿದರೆ ತಕ್ಷಣ ಒಳಗೆ. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ತೋಟಕ್ಕೆ ಇಳಿಯುವ ಊರಾದರೆ ಬೆಳಗಿನ ಜಾವ, ಸಂಜೆ ಮಕ್ಕಳು ತೋಟದ ದಾರಿಗೆ ಕಾಲಿಡಲೇಬಾರದು. ಮನೆ ಹತ್ತಿರದ ಮರದ ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿಬಿಡಿ. ವಾಸನೆಗೇ ಅವು ಬರುವುದು.

ಒಳಗೆ ಬಂದ ಮೇಲೆ ಬಿಸಿನೀರ ಸ್ನಾನ, ಬಿಸಿ ಗಂಜಿ, ನಿದ್ದೆ. ಚಿಕ್ಕವಳು ಮಲಗುತ್ತಾಳೆ. ದೊಡ್ಡವಳಿಗೆ ನೀವು ಒಬ್ಬರೇ ಸಿಗುವ ಒಂದು ಗಂಟೆ ಅದು. ಆಗ ಪಾತ್ರೆ ತೊಳೆಯಲು ಹೋಗಬೇಡಿ. ಅವಳ ಜೊತೆ ಚೌಕಾಬಾರ ಆಡಿ, ಇಲ್ಲ ಸುಮ್ನೆ ಪಕ್ಕದಲ್ಲಿ ಕೂತು ಅವಳು ಶಾಲೆಯ ಕತೆ ಹೇಳುವುದನ್ನು ಕೇಳಿ. ಪಾತ್ರೆ ಎಲ್ಲೂ ಹೋಗುವುದಿಲ್ಲ.

ಮಳೆ ರಜೆ ಪುಕ್ಕಟೆ ಅಲ್ಲ ಅನ್ನುವುದನ್ನೂ ನೆನಪಿಡಿ. ಮುಂದೆ ಶನಿವಾರ ಪೂರ್ತಿ ದಿನ ಶಾಲೆ ಇಟ್ಟು ಸರಿದೂಗಿಸುತ್ತಾರೆ. ಮದುವೆ, ಪ್ರಯಾಣ ಇದ್ದರೆ ಆ ಲೆಕ್ಕದಲ್ಲಿ ಯೋಚಿಸಿ.

ಹಂತ 6: ಅಕ್ಕತಂಗಿ ಜಗಳ

“ನೀನು ದೊಡ್ಡವಳಲ್ವಾ, ಬಿಟ್ಟುಕೊಡು” ಅನ್ನುವ ಮಾತನ್ನು ಈ ನಾಲ್ಕು ತಿಂಗಳು ಬಾಯಿಗೆ ತರಬೇಡಿ. ಸಾಧ್ಯವಾದರೆ ಆಮೇಲೂ. ದೊಡ್ಡವಳು ಹೊರಗೆ ಬಿಟ್ಟುಕೊಟ್ಟು ಒಳಗೆ ಲೆಕ್ಕ ಇಟ್ಟಿರುತ್ತಾಳೆ. ಚಿಕ್ಕವಳು ಅತ್ತರೆ ಸಿಗುತ್ತದೆ ಅಂತ ಕಲಿಯುತ್ತಾಳೆ.

ಮಳೆಗಾಲದ ಜಗಳ ಬಹುತೇಕ ಜಾಗದ ಜಗಳ. ಒಲೆಯ ಮುಂದಿನ ಮಣೆ, ಕಿಟಕಿ ಪಕ್ಕದ ಕುರ್ಚಿ, ಅಮ್ಮನ ಕಂಬಳಿಯೊಳಗಿನ ಬಲಗಡೆ. ಇದಕ್ಕೆ ಉಪದೇಶ ಬೇಡ, ಸರದಿ ಬೇಕು. ನಮ್ಮನೆ ಕ್ಯಾಲೆಂಡರ್‌ನಲ್ಲಿ ಬೆಸ ತಾರೀಕು ಅಕ್ಕನದು, ಸಮ ತಾರೀಕು ತಂಗಿಯದು. ಆ ದಿನ ಒಲೆ ಮುಂದಿನ ಜಾಗ, ಮೊದಲ ದೋಸೆ, ಕತೆ ಆರಿಸುವ ಹಕ್ಕು ಎಲ್ಲ ಅವಳದ್ದೇ. 31 ಆದ ಮೇಲೆ 1 ಬಂದಾಗ ಅಕ್ಕನಿಗೆ ಸತತ ಎರಡು ದಿನ ಸಿಗುತ್ತದೆ. ಇದನ್ನು ಚಿಕ್ಕವಳು ಸದ್ಯಕ್ಕೆ ಕಂಡುಹಿಡಿದಿಲ್ಲ.

ಹೊಡೆದಾಟಕ್ಕೆ ಇಳಿದರೆ ತೀರ್ಪು ಕೊಡಲು ಕೂರಬೇಡಿ. ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿ, ಒಬ್ಬೊಬ್ಬರಿಗೂ ಒಂದು ಬಿಸಿ ಏನಾದರೂ ಕೊಡಿ. ಹಾಲೋ, ಸುಟ್ಟ ಹಲಸಿನ ಬೀಜವೋ. ಹತ್ತು ನಿಮಿಷಕ್ಕೆ ಒಬ್ಬಳು ಇನ್ನೊಬ್ಬಳನ್ನು ಹುಡುಕಿಕೊಂಡು ಬರುತ್ತಾಳೆ.

ಹಂತ 7: ಅಡುಗೆ

ಬಿಸಿ, ಮೆತ್ತಗೆ, ಸ್ವಲ್ಪ ಕಾಳುಮೆಣಸು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ನೂಲ್‌ಪುಟ್ಟು (ಒತ್ತು ಶಾವಿಗೆ), ಅಕ್ಕಿ ರೊಟ್ಟಿ, ಹುರುಳಿ ಸಾರು. ಮಕ್ಕಳಿಗೆ ಬೇಸರವಾಗದಂತೆ ಕಡಂಬುಟ್ಟಿನ ಉಂಡೆಯನ್ನು ಅವರೇ ಕಟ್ಟಲಿ. ಗೋಲಿಯಷ್ಟಾಗಲಿ, ಮೊಟ್ಟೆಯಷ್ಟಾಗಲಿ, ಬೆಂದರೆ ರುಚಿ ಒಂದೇ.

ಮಳೆಗಾಲದ ಕಾಡುತರಕಾರಿಯಲ್ಲಿ ಮಕ್ಕಳ ವಿಷಯಕ್ಕೆ ಎಚ್ಚರ ಬೇಕು. ಕಣಿಲೆಯನ್ನು (ಎಳೆ ಬಿದಿರನ್ನು) ಹೆಚ್ಚಿ, ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲಿಯೇ ಪಲ್ಯ ಮಾಡಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆಹುಳಿ ಸರಿಯಾಗಿ ಬೀಳದಿದ್ದರೆ ಗಂಟಲು ತುರಿಸುತ್ತದೆ, ಒಂದು ಸಲ ತುರಿಸಿದರೆ ಚಿಕ್ಕ ಮಕ್ಕಳು ಮತ್ತೆ ಮುಟ್ಟುವುದಿಲ್ಲ. ಅಣಬೆ ಮನೆಯ ಹಿರಿಯರು ಕಂಡು ಗುರುತಿಸಿದ್ದು ಮಾತ್ರ. ಸ್ವಲ್ಪ ಅನುಮಾನ ಬಂದರೂ ಬುಟ್ಟಿ ಸಮೇತ ಗೊಬ್ಬರದ ಗುಂಡಿಗೆ.

ಕಕ್ಕಡ ಅನ್ನುವ ಕೊಡವ ತಿಂಗಳ ಹದಿನೆಂಟನೇ ದಿನ ಬರುವುದು ಆಗಸ್ಟ್ 3ಕ್ಕೆ. ಅವತ್ತು ಮದ್ದುಸೊಪ್ಪಿನ ಪಾಯಸ. ಆ ಸೊಪ್ಪಿಗೆ ಆ ದಿನ ಹದಿನೆಂಟು ಬಗೆಯ ಔಷಧದ ಗುಣ ಸೇರಿರುತ್ತದೆ ಅನ್ನುವುದು ನಮ್ಮಲ್ಲಿಯ ನಂಬಿಕೆ. ಸೊಪ್ಪನ್ನು ಬೇಯಿಸಿದಾಗ ನೀರು ಕಡು ನೇರಳೆಯಾಗುವುದನ್ನು ಮಕ್ಕಳಿಗೆ ತೋರಿಸಿ, ಪಾತ್ರೆ ಸುತ್ತ ನಿಂತು ಬಾಯಿ ಬಿಟ್ಟು ನೋಡುತ್ತಾರೆ. ಬೆಲ್ಲ, ತೆಂಗಿನಹಾಲು ಸ್ವಲ್ಪ ಧಾರಾಳವಾಗಿ ಹಾಕಿ, ಸೊಪ್ಪಿನ ಘಾಟು ಮಕ್ಕಳಿಗೆ ಹಿಡಿಸುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಚಿಕ್ಕವಳಿಗೆ ಮೊದಲೇ ಹೇಳಿಡಿ. ಹೇಳದಿದ್ದರೆ ರಕ್ತ ಅಂತ ಹೆದರಿ ಅಳುತ್ತಾಳೆ, ಹೇಳಿದ್ದರೆ ಯಾರದ್ದು ಜಾಸ್ತಿ ಕೆಂಪು ಅಂತ ಅಕ್ಕನ ಜೊತೆ ಪಂದ್ಯ ಕಟ್ಟುತ್ತಾಳೆ.

ಕುಡಿಯುವ ನೀರು ಬಾವಿಯದಾಗಲಿ, ನಲ್ಲಿಯದಾಗಲಿ, ಕೊತಕೊತ ಕುದಿಸಿಯೇ ಕೊಡಿ.

ಹಂತ 8: ಜ್ವರ, ಕೆಮ್ಮು, ಭೇದಿ

ಒಬ್ಬಳಿಗೆ ಬಂದರೆ ಇನ್ನೊಬ್ಬಳಿಗೂ ಬರುತ್ತದೆ ಅಂದುಕೊಂಡೇ ತಯಾರಾಗಿ. ಪ್ಯಾರಸಿಟಮಾಲ್ ಸಿರಪ್ ವಿಷಯದಲ್ಲಿ ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಂದು ಅಪಾಯ ಇದೆ. ಒಂದೇ ಹೆಸರಿನ ಬಾಟಲಿ ಎರಡು ಶಕ್ತಿಯಲ್ಲಿ ಬರುತ್ತದೆ: 5 ಮಿಲಿಗೆ ಸುಮಾರು 120 ಮಿಲಿಗ್ರಾಂ ಒಂದು, 250 ಮಿಲಿಗ್ರಾಂ ಇನ್ನೊಂದು. ಕತ್ತಲಲ್ಲಿ ಅದಲುಬದಲಾದರೆ ಚಿಕ್ಕವಳಿಗೆ ದುಪ್ಪಟ್ಟು ಹೋಗುತ್ತದೆ. ಔಷಧದ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ, ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ಜೂನ್‌ನಲ್ಲೇ ಇಬ್ಬರ ತೂಕ ನೋಡಿ, ಡಾಕ್ಟರ್ ಹೇಳಿದ ಅಳತೆಯನ್ನು ಹೆಸರು ಸಮೇತ ಬಾಟಲಿಗೆ ಅಂಟಿಸಿ. ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಇಲ್ಲದಿದ್ದರೆ ಅಪ್ಪ ಒಂದು ಸಲ, ಅಜ್ಜಿ ಒಂದು ಸಲ ಕೊಟ್ಟುಬಿಡುತ್ತಾರೆ. ಒಂದು ಸಲಕ್ಕೂ ಇನ್ನೊಂದಕ್ಕೂ ಕನಿಷ್ಠ 4 ಗಂಟೆ ಅಂತರ ಇರಬೇಕು, ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಡ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಭೇದಿಗೆ ಓಆರ್‌ಎಸ್. ಪ್ಯಾಕೆಟ್ ಇಲ್ಲದ ರಾತ್ರಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗೋಪುರ ಬೇಡ.

ಯಾವಾಗ ಡಾಕ್ಟರ ಹತ್ತಿರ ಓಡಬೇಕು? ಮೂರು ದಿನ ದಾಟಿದ ಜ್ವರ. ನೀರು ಕೂಡ ಕುಡಿಯದಿದ್ದರೆ, ಆರೇಳು ಗಂಟೆ ಮೂತ್ರ ಹೋಗದಿದ್ದರೆ. ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ. ಮಗು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ; ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಸಾಮಾನ್ಯ ನೆಗಡಿ ಅಲ್ಲ. ಕೆಸರು ನೀರಲ್ಲಿ ಆಡಿದ ಮೇಲೆ ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ ಇಲಿ ಜ್ವರದ ಅನುಮಾನವನ್ನು ಡಾಕ್ಟರ್‌ಗೆ ನೀವೇ ಹೇಳಿ. ಮಳೆ ನಡುವೆ ಬಿಸಿಲು ಬಿದ್ದ ವಾರ ಡೆಂಗಿ ಸೊಳ್ಳೆಯ ಕಾಲ. ಅದು ಹಗಲಲ್ಲೇ ಕಚ್ಚುತ್ತದೆ. ಹೂಕುಂಡದ ತಟ್ಟೆ, ಹಳೇ ಟಯರ್, ಅಡಿಕೆ ಹಾಳೆ ಎಲ್ಲದರ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಮಳೆ ಡಬ್ಬಿಯದನ್ನಂತೂ ದಿನಾ ಚೆಲ್ಲುತ್ತೀರಿ.

ಹಂತ 9: ಕರೆಂಟ್ ಹೋದಾಗ

ಇಬ್ಬರಿಗೂ ಒಂದೊಂದು ಸಣ್ಣ ಎಲ್‌ಇಡಿ ಟಾರ್ಚ್. ಒಂದೇ ಇದ್ದರೆ ಜಗಳ, ಎರಡಿದ್ದರೆ ಗೋಡೆ ಮೇಲೆ ನೆರಳಾಟ. ಮೇಣದಬತ್ತಿ ಮಕ್ಕಳ ಕೋಣೆಗೆ ಬೇಡ. ತಂತಿ ಕಡಿದು ಬಿದ್ದಿದ್ದು ಕಂಡರೆ ಮುಟ್ಟದೆ, ಆ ಒದ್ದೆ ನೆಲದ ಹತ್ತಿರವೂ ಹೋಗದೆ 1912ಕ್ಕೆ ಫೋನ್ ಮಾಡಿ. ಮೊಬೈಲ್ ಚಾರ್ಜ್ ಬೆಳಿಗ್ಗೆಯೇ ತುಂಬಿಸಿಡಿ.

ಹಂತ 10: ಬರೆ ಜರಿಯುವ ಜಾಗದಲ್ಲಿ ಮನೆ ಇದ್ದರೆ

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ಈಗಿನ ಚಿಕ್ಕ ಮಕ್ಕಳು ಆಗ ಹುಟ್ಟಿರಲಿಲ್ಲ. ಅವರನ್ನು ಹೆದರಿಸಬೇಡಿ, ಆದರೆ ಅಂಗಳದಲ್ಲಿ ಹೊಸ ಬಿರುಕು ಕಂಡರೆ ಬಂದು ಹೇಳಬೇಕು ಅಂತ ಕಲಿಸಿ. ಕಂಬ, ಮರ ಇದ್ದಕ್ಕಿದ್ದಂತೆ ಓರೆಯಾದರೆ, ಬಾಗಿಲು ಕಚ್ಚಿಕೊಂಡರೆ, ಬರೆಯಿಂದ ಕೆಂಪು ನೀರು ಹೊಸದಾಗಿ ಒಸರಿದರೆ ಅದೇ ಗಳಿಗೆ ಮನೆ ಬಿಡಬೇಕು.

ಬಾಗಿಲ ಹತ್ತಿರ ಒಂದು ಚೀಲ ಕಟ್ಟಿಡಿ: ಆಧಾರ್ ಮತ್ತು ಜಾಗದ ಕಾಗದ ಪ್ಲಾಸ್ಟಿಕ್ ಕವರಲ್ಲಿ, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ಔಷಧಿ, ಬಿಸ್ಕತ್ತು, ಟಾರ್ಚ್, ಚಿಕ್ಕವಳು ತಬ್ಬಿ ಮಲಗುವ ಗೊಂಬೆ. ಗೊಂಬೆ ಯಾಕೆ ಅಂತ ಕೇಳಬೇಡಿ, ಗೊಂಬೆಗೆ ಅಂತ ವಾಪಸ್ ಓಡುವ ಮಗುವನ್ನು ಹಿಡಿಯುವುದು ಕಷ್ಟ. ದೊಡ್ಡವಳಿಗೆ ಅಪ್ಪ ಅಮ್ಮನ ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಜಿಲ್ಲೆಯ ತುರ್ತು ಕಂಟ್ರೋಲ್ ರೂಮಿಗೆ 1077, ಆಂಬುಲೆನ್ಸ್‌ಗೆ 108, ಬೇರೆ ಯಾವ ತುರ್ತಿಗೂ 112.

ಹಂತ 11: ಸೆಪ್ಟೆಂಬರ್

ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್. ಇದು ಕೊಡವರ ಆಯುಧಪೂಜೆಯ ಹಬ್ಬ. ಗದ್ದೆ ನಾಟಿ ಮುಗಿದಿರುತ್ತದೆ, ಕೋವಿಗೆ ಪೂಜೆ, ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೆಂಗಸರೂ ಹೊಡೆಯುತ್ತಾರೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಕಿವಿಗೆ ಹತ್ತಿ ಇಟ್ಟು ಹಿಂದೆ ದೂರದಲ್ಲಿ ನಿಲ್ಲಿಸಿ ತೋರಿಸಿ.

ಹೊತ್ತು ಹೊತ್ತಿಗೆ ಬಿಸಿಲು ಬೀಳಲು ಶುರುವಾದ ಮೇಲೆ ಮೊದಲ ಒಣ ದಿನ ಹಾಸಿಗೆ, ದಿಂಬು, ಕಂಬಳಿ ಕಣಕ್ಕೆ. ಬೀರುವಿನ ಬಾಗಿಲು ತೆರೆದಿಡಿ. ಬೂಷ್ಟು ಹಿಡಿದ ಚರ್ಮದ ಶೂಗೆ ವಿನಿಗರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ರೈನ್‌ಕೋಟನ್ನು ಸೋಪು ನೀರಲ್ಲಿ ತೊಳೆದು, ಒಳಗೂ ಹೊರಗೂ ಒಣಗಿಸಿ, ಪೌಡರ್ ಚಿಮುಕಿಸಿ, ಮಡಚದೆ ನೇತುಹಾಕಿ. ಮಡಚಿಟ್ಟರೆ ಮಡಿಕೆಯಲ್ಲೇ ಒಡೆಯುತ್ತದೆ. ನೇತುಹಾಕುವ ಮುಂಚೆ ಇಬ್ಬರಿಗೂ ಒಂದು ಸಲ ತೊಡಿಸಿ ತೋಳು ನೋಡಿ. ಈಗಲೇ ಮಣಿಕಟ್ಟಿನ ಮೇಲೆ ನಿಂತಿದ್ದರೆ ಮುಂದಿನ ಜೂನ್‌ಗೆ ಅಕ್ಕನದ್ದು ತಂಗಿಗೆ, ಅಕ್ಕನಿಗೆ ಹೊಸದು. ಅಳತೆಯನ್ನು ಮಳೆ ಬರೆದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ, ಮೇ ಸಂತೆಗೆ ಹೋಗುವಾಗ ಬೇಕಾಗುತ್ತದೆ.